ಮನೆಗೆ ನೂರು ಗ್ರಾಂ, ಊರಿಗೆ ಟನ್‌ಗಟ್ಟಲೆ: ಕಸ ವಿಂಗಡಣೆಯ ಲೆಕ್ಕಾಚಾರ

ಬೆಂಗಳೂರು: ಒಂದು ಮನೆಯವರು ಕಸ ವಿಂಗಡಿಸಿದ ಮಾತ್ರಕ್ಕೆ ಪರಿಸರ ಉಳಿದೀತೇ ಎಂಬ ಪ್ರಶ್ನೆ ನಗರವಾಸಿಗಳಲ್ಲಿ ಸಾಮಾನ್ಯ. ಆದರೆ ಹನಿಗೂಡಿದರೆ ಹಳ್ಳ ಎಂಬ ಗಾದೆ ಕಸಕ್ಕೂ ಅನ್ವಯಿಸುತ್ತದೆ.

ನಗರದ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಯ ಕಡೆಗಿರುವ ಹೇರೋಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿನ ಒಂದು ಕುಟುಂಬ ಈಗ ಬೇರ್ಪಡಿಸುತ್ತಿರುವುದಕ್ಕಿಂತ ದಿನಕ್ಕೆ ಕೇವಲ 100 ಗ್ರಾಂ ಹೆಚ್ಚು ಕಾಗದ, ರಟ್ಟು, ಪ್ಲಾಸ್ಟಿಕ್ ಅಥವಾ ಡಬ್ಬಿಗಳನ್ನು ಪ್ರತ್ಯೇಕವಾಗಿ ಕೊಟ್ಟರೆ ವರ್ಷಕ್ಕೆ 36.5 ಕಿಲೋ ಆಗುತ್ತದೆ. ಒಂದು ಸಾವಿರ ಮನೆಗಳು ಹೀಗೆ ಮಾಡಿದರೆ ಆ ಮೊತ್ತ 36.5 ಟನ್.

ಈ ವಸ್ತುಗಳು ಕಾರ್ಖಾನೆಗೆ ಮರಳಿದಾಗ ಅದಿರು, ಮರ, ಕಚ್ಚಾತೈಲದ ಬಳಕೆ ತಗ್ಗುತ್ತದೆ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತಯಾರಿಸುವುದಕ್ಕೆ ಹೋಲಿಸಿದರೆ, ಹಳೆಯ ಅಲ್ಯೂಮಿನಿಯಂ ಕರಗಿಸಿ ಬಳಸುವುದರಿಂದ ಸುಮಾರು ಶೇ. 95ರಷ್ಟು ಶಕ್ತಿ ಉಳಿಯುತ್ತದೆ.

ಹಸಿ ಕಸ ಬೇರೆಯಾದರೆ ಲಾಭ ಇಮ್ಮಡಿ. ಪ್ರತ್ಯೇಕಿಸಿದ ತರಕಾರಿ ಸಿಪ್ಪೆ, ಉಳಿದ ಅನ್ನ ಗೊಬ್ಬರವಾಗುತ್ತದೆ. ಅದೇ ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹೊರಸೂಸುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ತಾಪಕಾರಿ. ಎರಡನ್ನೂ ಬೆರೆಸಿದರೆ ಎರಡೂ ಹಾಳು. ಸಾರು ಸೋಕಿದ ಕಾಗದವನ್ನು ಗುಜರಿ ಅಂಗಡಿಯವರೂ ಕೊಳ್ಳುವುದಿಲ್ಲ.

ಬೆರಕೆ ಕಸದ ಬೆಲೆಯನ್ನು ಬೆಂಗಳೂರು ಈಗಾಗಲೇ ತೆತ್ತಿದೆ. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಾಗ ನಗರದ ಬೀದಿಗಳಲ್ಲಿ ತ್ಯಾಜ್ಯ ರಾಶಿಬಿದ್ದಿತ್ತು. ಮಂಡೂರಿನ ಗ್ರಾಮಸ್ಥರ ಹೋರಾಟದ ಫಲವಾಗಿ 2014ರ ಅಂತ್ಯಕ್ಕೆ ಅಲ್ಲಿಗೂ ಕಸ ಸಾಗಣೆ ಸ್ಥಗಿತವಾಯಿತು. ನಂತರ ಹೇರೋಹಳ್ಳಿಗೆ ಅನತಿದೂರದ ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಸಂಸ್ಕರಣಾ ಘಟಕಗಳು ಬಂದವು. ದುರ್ವಾಸನೆಯ ವಿರುದ್ಧ ಸುತ್ತಲಿನ ನಿವಾಸಿಗಳು ಪ್ರತಿಭಟಿಸಿದರು. ಅಡುಗೆಮನೆಯಲ್ಲಿ ಬೆರೆತ ಕಸ ಇನ್ನೊಬ್ಬರ ಊರಿನ ಗಾಳಿ, ನೀರನ್ನು ಕೆಡಿಸುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಇದಕ್ಕೆ ಪರಿಹಾರವಾಗಿ 2015ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಬ್ಯಾಂಡೇಜ್‌ನಂಥ ತ್ಯಾಜ್ಯ, ಚೀಲಕ್ಕೆ ಒಣ ಕಸ ಎಂಬುದು ಇದರ ಕ್ರಮ. ಚೀಲದಲ್ಲಿರುವುದು ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಸೇರಿ, ಅಲ್ಲಿ ಬಗೆಬಗೆಯಾಗಿ ವಿಂಗಡಣೆಗೊಂಡು ಮಾರಾಟವಾಗುತ್ತದೆ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಅನೇಕರಿಗೆ ಈ ಕೇಂದ್ರಗಳೇ ಇಂದು ಜೀವನಾಧಾರ. ಚೀಲ ಶುಚಿಯಾಗಿದ್ದಷ್ಟೂ ಅವರ ಆದಾಯ ಹೆಚ್ಚು, ಕೈಗೆ ಅಪಾಯ ಕಡಿಮೆ.

ಗೃಹಸ್ಥರು ಮಾಡಬೇಕಾದುದು ಅತ್ಯಲ್ಪ. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸುವುದು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡುವುದು, ತಿಂಡಿ ತಂದ ಡಬ್ಬಿಯನ್ನು ಒಮ್ಮೆ ನೀರಿನಲ್ಲಿ ಜಾಲಿಸುವುದು. ನಿತ್ಯದ ಆ ನೂರು ಗ್ರಾಂ ಕೂಡುವುದು ಈ ಎರಡು ನಿಮಿಷಗಳ ಶ್ರಮದಿಂದಲೇ.