ಪಾನಕದ ಗಾಡಿ, ಕಡಲಾಚೆಯ ಮಗ

ಅಂತರಘಟ್ಟೆಯ ಹಾದಿಯಲ್ಲಿ ಮೊದಲು ಕಾಣುವುದು ಧೂಳು, ಗಾಡಿ ಆಮೇಲೆ. ಕೊಯ್ಲು ಮುಗಿದ ಹೊಲಗಳ ಅಂಚಿನಲ್ಲಿ ಒಂದು ಮೋಡ ಎದ್ದು ಉರುಳುತ್ತ ಬರುತ್ತದೆ. ಅದರೊಳಗಿಂದ ಗೆಜ್ಜೆಯ ಸದ್ದು, ಅದರ ಹಿಂದೆ ಬಣ್ಣ ಬಳಿದ ಕೊಂಬು, ಕೊಂಬಿನ ತುದಿಯಲ್ಲಿ ಕುಣಿಯುವ ಕುಚ್ಚು. ಹೊಡೆಯುವವನು ಗಾಡಿಯ ಮೂಕಿಯ ಮೇಲೆ ನಿಂತೇ ಇರುತ್ತಾನೆ. ಕೂತರೆ ಮರ್ಯಾದೆ ಹೋಯಿತು ಎನ್ನುವ ಹಾಗೆ. ದುರ್ಗಾಂಬೆಯ ಜಾತ್ರೆಗೆ ಪಾನಕದ ಗಾಡಿಗಳು ಬರುವ ದಿನ ಅದು. ರಸ್ತೆಯ ಎರಡೂ ಬದಿಗೆ ಜನ. ಬೇಲಿಯ ಮೇಲೆ, ಟ್ರ್ಯಾಕ್ಟರಿನ ಮೇಲೆ, ಹುಣಸೆ ಮರದ ಕೊಂಬೆಯ ಮೇಲೂ ಜನ.

ಅಜ್ಜಂಪುರದ ಸೀಮೆಯವರಿಗೆ ಎತ್ತಿನ ಓಟ ಹೇಳಿಕೊಡಬೇಕಾಗಿಲ್ಲ. ಮೈಸೂರು ಅರಸರ ಕಾಲದಿಂದ ಹೆಸರಾದ ಅಮೃತ್‌ಮಹಲ್ ತಳಿಯ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ. ದಂಡಿನ ಸಾಮಾನು ಎಳೆದ ರಾಸುಗಳ ವಂಶ. ಹಿಂದಕ್ಕೆ ಬಾಗಿ ಚೂಪಾಗಿ ನಿಂತ ಕೊಂಬು, ಬೂದು ಮೈ, ಅಪರಿಚಿತರನ್ನು ಕಂಡರೆ ಸಹಿಸದ ಸ್ವಭಾವ. ನಾನು ಎರಡು ಹೆಜ್ಜೆ ಹಿಂದೆ ಸರಿದೇ ನಿಂತಿದ್ದೆ.

ನನ್ನ ಪಕ್ಕದಲ್ಲಿದ್ದ ಹೆಂಗಸು ಮಾತ್ರ ಮುಂದಕ್ಕೇ ನುಗ್ಗುತ್ತಿದ್ದರು. ಅವರ ಜೊತೆಯ ಹುಡುಗಿಯ ಕೈಯಲ್ಲಿ ಫೋನು. ಪರದೆಯ ಮೇಲೆ ಉಣ್ಣೆಯ ಟೋಪಿ ಹಾಕಿದ ಒಬ್ಬ ಹುಡುಗ. ಜರ್ಮನಿಯಲ್ಲಿ ಓದುತ್ತಿದ್ದಾನಂತೆ. ಇಲ್ಲಿ ಮೂರೂವರೆಯ ಬಿಸಿಲು, ಅಲ್ಲಿ ಬೆಳಗಿನ ಹನ್ನೊಂದು ಗಂಟೆ.

"ಎತ್ತು ಕಂಡ್ವೇನೋ ಮಗಾ?"

"ಬರೀ ಧೂಳ್ ಕಾಣ್ತೈತವ್ವಾ."

"ಧೂಳೇ ನೋಡು. ಅಲ್ಲೆಲ್ಲಿ ಸಿಗ್ತೈತೆ ನಿಂಗೆ?"

ಆ ಟೋಪಿಯ ಹುಡುಗನನ್ನು ಕಂಡಾಗ ನನ್ನ ಮನಸ್ಸು ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಇದೇ ಮಾಘದಲ್ಲಿ, ರಥಸಪ್ತಮಿಗೆ, ಅಲ್ಲಿ ಕೊಡಿಯಾಲ್ ತೇರು. ಆ ಊರಿನ ಸಾರಸ್ವತ ಬ್ರಾಹ್ಮಣರ ಮನೆಯ ಒಬ್ಬ ಹುಡುಗ 1846ರಲ್ಲಿ ಹಡಗು ಹತ್ತಿದ. ಹೆಸರು ಆನಂದರಾವ್ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವನು 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ಕ್ರೈಸ್ತನಾದ. ಮೇಷ್ಟರು ಹೆರ್ಮನ್ ಮೋಗ್ಲಿಂಗ್. ಅದರ ಹಿಂದಿನ ವರ್ಷ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರಲ್ಲ, ಅವರೇ. ಶಿಷ್ಯ ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡ. ಅಷ್ಟರಲ್ಲಿ ಅವನಿಗೆ ಮದುವೆಯೂ ಆಗಿತ್ತು. ಹೆಂಡತಿ ಲಕ್ಷ್ಮಿ.

ಅವಳು ಅವನ ಜೊತೆ ಹೋಗಲಿಲ್ಲ.

ಈ ಕಥೆ ಹೇಳುವವರೆಲ್ಲ ಆನಂದರಾವ್ ಹಡಗು ಹತ್ತಿದಲ್ಲಿಂದ ಶುರುಮಾಡುತ್ತಾರೆ. ನನಗೋ ಲಕ್ಷ್ಮಿಯ ಹೊಸ್ತಿಲೇ ಕಣ್ಣಿಗೆ ಕಟ್ಟುತ್ತದೆ. ಗಂಡ ಬದುಕಿದ್ದಾನೆ, ಊರಿನಲ್ಲೇ ಇದ್ದಾನೆ, ಆದರೆ ಮನೆಯೊಳಗೆ ಬರುವ ಹಾಗಿಲ್ಲ. ಆಮೇಲೆ ಊರಿನಲ್ಲೂ ಇಲ್ಲ. ತೇರಿನ ದಿನ ಹಣೆಗೆ ಕುಂಕುಮ ಇಡುವಾಗ ಆ ಹುಡುಗಿಯ ಕೈ ಒಂದು ಕ್ಷಣ ನಿಂತಿರಬಹುದೇ?

ಇತ್ತ ಆನಂದರಾಯರು ಮೋಗ್ಲಿಂಗರ ಜೊತೆ ಬಾಸೆಲ್ ಸೇರಿದರು. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ 23 ವರ್ಷ ಇತ್ತು. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ದರದ ಅಂಚೆ, ಅಂಚೆಚೀಟಿ ಬಂದದ್ದು 1854ರಲ್ಲಿ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಕಡೆ, ರೈನ್ ನದಿಯ ದಂಡೆಯ ಮೇಲಿನ ಊರು ಬಾಸೆಲ್. ಮಂಗಳೂರಿನ ಬೆವರಿಗೆ ಒಗ್ಗಿದ ಮೈ ಅಲ್ಲಿನ ಹಿಮಕ್ಕೆ ಒಗ್ಗಬೇಕಿತ್ತು. ಜರ್ಮನ್ ಕಲಿತು, ಅದರಲ್ಲೇ ಉಳಿದ ಪಾಠ ಕಲಿಯಬೇಕು. 1851ರ ತನಕ, ಐದು ವರ್ಷ. ಕುಚ್ಚಲಕ್ಕಿ ಗಂಜಿ ಇಲ್ಲದ ಐದು ವರ್ಷ ಎಂದು ಕರಾವಳಿಯವರು ಲೆಕ್ಕ ಹಾಕಿಯಾರು.

ಕಾಗದ ಬರೆಯಬಹುದಿತ್ತು. ತಿಂಗಳುಗಟ್ಟಲೆ ತಡವಾದರೂ ಕಾಗದ ಊರು ಮುಟ್ಟುತ್ತದೆ. ಊರು ಮುಟ್ಟಿದ ಕಾಗದವನ್ನು ಮನೆಯೊಳಗೆ ತೆಗೆದುಕೊಳ್ಳುವವರು ಬೇಕಲ್ಲ. ಜಾತಿ ಬಿಟ್ಟವನಿಗೆ, ಕಡಲು ದಾಟಿದವನಿಗೆ ಅಂದಿನ ಮನೆಗಳಲ್ಲಿ ಎಲೆ ಹಾಕುತ್ತಿರಲಿಲ್ಲ. ಬಾಸೆಲ್ಲಿನಿಂದ ಮಂಗಳೂರಿಗೆ ಎಷ್ಟು ಮೈಲಿಯೋ, ಮಿಷನ್ ಇದ್ದ ಬಲ್ಮಠದ ಗುಡ್ಡದಿಂದ ಪೇಟೆಯ ಮನೆಗೂ ಅಷ್ಟೇ ಮೈಲಿ.

1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಅವರು ಮಂಗಳೂರಿಗೆ ಮರಳಿದರು. ಹುಟ್ಟಿದ ಊರಿಗೇ ಮಿಷನರಿಯಾಗಿ! ಒಮ್ಮೆ ಪರದೇಶದಲ್ಲಿ ಪರದೇಶಿ, ಇನ್ನೊಮ್ಮೆ ಸ್ವಂತ ಬೀದಿಯಲ್ಲಿ. ಎರಡನೆಯದೇ ಹೆಚ್ಚು ಕಷ್ಟದ್ದು ಎಂದು ನನ್ನ ಎಣಿಕೆ.

1860ರಲ್ಲಿ ಅವರ ಕೈಹಿಡಿಯಲು ಜರ್ಮನಿಯಿಂದ ಮೇರಿ ರೈನ್‌ಹಾರ್ಟ್ ಎಂಬ ತರುಣಿ ಬಂದಳು. ಮಿಷನರಿ ಮದುವೆಯಾಗಬೇಕಾದರೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಿದ್ದ ಕಾಲ. ಅಂಥ ಎಷ್ಟೋ ಹುಡುಗಿಯರು ವರನ ಮುಖ ನೋಡದೆಯೇ ಹಡಗು ಹತ್ತುತ್ತಿದ್ದರು. ನಮ್ಮ ಅಜ್ಜಿಯರೂ ತಾಳಿ ಬಿದ್ದ ಮೇಲೆಯೇ ಗಂಡನ ಮುಖ ಕಂಡವರು, ನಿಜ. ಆದರೆ ಅವರ ತವರು ಎತ್ತಿನ ಗಾಡಿ ಮುಟ್ಟುವಷ್ಟು ದೂರದಲ್ಲಿತ್ತು. ಗೌರಿಹಬ್ಬಕ್ಕೆ ಅಣ್ಣ ಬಂದು ಕರೆದೊಯ್ಯುತ್ತಿದ್ದ. ಈ ಹುಡುಗಿಯರ ತವರೆಲ್ಲ ಒಂದು ಲಕೋಟೆಯೊಳಗೆ.

ಅವರಿಗೆ ಹುಟ್ಟಿದ ಮಕ್ಕಳ ಪಾಡು ಇನ್ನೂ ಬೇರೆ. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸುವುದು ಮಿಷನ್ನಿನ ವಾಡಿಕೆ. ಅದಕ್ಕೆಂದೇ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ಕಟ್ಟಿದ್ದರು. ಮಲಯಾಳಂ ನಿಘಂಟಿನ ಮಿಷನರಿ ಗುಂಡರ್ಟರ ಮಗಳು ಮರೀ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು. ಇನ್ನೂ ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಹೆತ್ತವರನ್ನು ಕಾಗದದ ಅಕ್ಷರದಲ್ಲೇ ಬಲ್ಲವಳು ಹಡಗಿನಿಂದ ಇಳಿದು ಯಾರನ್ನು ಹುಡುಕಿದಳೋ! ಮುಂದೆ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯಾದವಳು ಇವಳೇ.

ಕೌಂಡಿನ್ಯರು ಆಮೇಲೆ ಕೊಡಗಿನ ಕಡೆ ಹೋದರು. ಕಾಡು, ಕಾಫಿ, ಹೊಸದಾಗಿ ಕ್ರೈಸ್ತರಾದ ದಲಿತ ಕುಟುಂಬಗಳು. ಅಲ್ಲಿ ಎದ್ದ ಆನಂದಪುರ ಅವರದೇ ಹೆಸರು ಹೊತ್ತಿದೆ. 1893ರಲ್ಲಿ ತೀರಿಕೊಂಡರು. ತನ್ನ ಮನೆಯ ಬಾಗಿಲು ಮುಚ್ಚಿಸಿಕೊಂಡವನ ಹೆಸರಿನಲ್ಲಿ ಒಂದು ಊರೇ ಉಳಿಯಿತು.

ಇಲ್ಲಿ ಅಂತರಘಟ್ಟೆಯಲ್ಲಿ ಮತ್ತೆ ಧೂಳೆದ್ದಿತು. ಒಟ್ಟಿಗೆ ಮೂರು ಗಾಡಿ. ಜನ ಹೋ ಎಂದರು, ಒಬ್ಬನ ರುಮಾಲು ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಎತ್ತುಗಳು ಬಾಯಲ್ಲಿ ನೊರೆ ಚೆಲ್ಲುತ್ತ ದಾಟಿ ಹೋದವು. ಹುಡುಗಿ ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಅವಳು ಕೈ ಇಳಿಸಿದಾಗ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು. ಅಷ್ಟು ಜನ ಸೇರಿದ ಕಡೆ ಸಿಗ್ನಲ್ ಎಲ್ಲಿಂದ ಬರಬೇಕು?

"ಅತ್ತೇ, ಹೋತು. ತಿರುಗ ಮಾಡ್ಲಾ?"

ಹೆಂಗಸು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. ಗಾಡಿಯ ನೆರಳಿನಲ್ಲಿ ಅವರ ಜೋಡೆತ್ತು ತೇಕುತ್ತ ನಿಂತಿದ್ದವು.

"ಆಮ್ಯಾಕೆ ಅವನೇ ಮಾಡ್ತಾನೆ ಬಿಡೇ. ಮೊದ್ಲು ಎತ್ತಿಗೆ ನೀರ್ ತೋರ್ಸು."