ವಕ್ರದಂತ ಚಿಕಿತ್ಸೆಯ ಮಧ್ಯದಲ್ಲಿ ದಂತ ವೈದ್ಯರನ್ನು ಬದಲಾಯಿಸುವವರ ಗಮನಕ್ಕೆ

ವಕ್ರದಂತಗಳನ್ನು ಸರಿಪಡಿಸಲು ಹಲ್ಲಿಗೆ ಕ್ಲಿಪ್ ಹಾಗೂ ತಂತಿ ಅಳವಡಿಸುವ ಆರ್ಥೊಡಾಂಟಿಕ್ ಚಿಕಿತ್ಸೆಯು ಸಾಮಾನ್ಯವಾಗಿ 18 ರಿಂದ 24 ತಿಂಗಳ ಅವಧಿಯದಾಗಿದ್ದು, ಕೆಲವು ಪ್ರಕರಣಗಳಲ್ಲಿ ಇದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಅವಧಿಯಲ್ಲಿ ಪೋಷಕರ ವರ್ಗಾವಣೆ, ವಿದ್ಯಾರ್ಥಿಯ ಕಾಲೇಜು ಪ್ರವೇಶ ಅಥವಾ ಚಿಕಿತ್ಸಾಲಯ ಮುಚ್ಚಿಹೋದ ಕಾರಣದಿಂದ ಬೇರೆ ವೈದ್ಯರಲ್ಲಿ ಚಿಕಿತ್ಸೆ ಮುಂದುವರಿಸಬೇಕಾದ ಸಂದರ್ಭಗಳು ಒದಗುತ್ತವೆ. ಹೀಗೆ ಬದಲಾಯಿಸಲು ರೋಗಿಗೆ ಸಂಪೂರ್ಣ ಸ್ವಾತಂತ್ರ್ಯವಿದೆ. ಆದರೆ ದಾಖಲೆಗಳಿಲ್ಲದೆ ಊರು ಬಿಟ್ಟಲ್ಲಿ ಹಣ ಮತ್ತು ಕಾಲ ಎರಡೂ ವ್ಯರ್ಥವಾಗುವ ಸಂಭವವಿರುವುದರಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ದಾಖಲೆಗಳು ಏಕೆ ಅವಶ್ಯಕ?

ಎಲ್ಲ ವೈದ್ಯರು ಬಳಸುವ ಕ್ಲಿಪ್‌ಗಳು ಒಂದೇ ರೀತಿ ಇರುವುದಿಲ್ಲ. ತಂತಿ ಕೂರುವ ತೋಡಿನ ಅಳತೆಯಲ್ಲಿಯೇ 0.018 ಅಂಗುಲ ಮತ್ತು 0.022 ಅಂಗುಲ ಎಂಬ ಎರಡು ಪದ್ಧತಿಗಳಿದ್ದು, ಅಳತೆಗೆ ತಕ್ಕಂತೆ ತಂತಿಗಳ ಕ್ರಮವೂ ಬದಲಾಗುತ್ತದೆ. ಯಾವ ಹಲ್ಲನ್ನು ಏಕೆ ಕೀಳಲಾಯಿತು, ಉಳಿದ ಜಾಗವನ್ನು ಯಾವ ದಿಕ್ಕಿನಿಂದ ಮುಚ್ಚಬೇಕು ಎಂಬ ಯೋಜನೆಯು ಬಾಯಿಯನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಚಿಕಿತ್ಸೆಗೆ ಮುಂಚಿನ ಸ್ಥಿತಿ ತಿಳಿಯದಿದ್ದಲ್ಲಿ ಹೊಸ ವೈದ್ಯರು ಹಳೆಯ ಕ್ಲಿಪ್‌ಗಳನ್ನು ತೆಗೆದು ಹೊಸದಾಗಿ ಆರಂಭಿಸಬೇಕಾಗಬಹುದು.

ಹಿಂದಿನ ವೈದ್ಯರಿಂದ ಪಡೆಯಬೇಕಾದ ದಾಖಲೆಗಳು

1. ಚಿಕಿತ್ಸೆಗೆ ಮುಂಚಿನ ಹಾಗೂ ಇತ್ತೀಚಿನ ಎಕ್ಸ್‌ರೇ ಚಿತ್ರಗಳು (ಒ.ಪಿ.ಜಿ. ಮತ್ತು ಸೆಫಲೋಗ್ರಾಮ್).
2. ಹಲ್ಲುಗಳ ಅಚ್ಚು (ಮಾಡೆಲ್) ಮತ್ತು ಮುಖ, ಹಲ್ಲುಗಳ ಛಾಯಾಚಿತ್ರಗಳು.
3. ರೋಗ ನಿರ್ಣಯ, ಚಿಕಿತ್ಸಾ ಯೋಜನೆ ಮತ್ತು ಕಿತ್ತ ಹಲ್ಲುಗಳ ವಿವರ.
4. ಕ್ಲಿಪ್‌ನ ಬಗೆ, ತೋಡಿನ ಅಳತೆ ಮತ್ತು ಈಗ ಹಾಕಿರುವ ತಂತಿಯ ವಿವರ.
5. ಪಾವತಿಸಿದ ಹಾಗೂ ಬಾಕಿ ಇರುವ ಶುಲ್ಕದ ವಿವರ, ರಸೀದಿಗಳು.
6. ಹೊಸ ವೈದ್ಯರಿಗೆ ಬರೆದ ವರ್ಗಾವಣೆ ಪತ್ರ.

ಪಾರದರ್ಶಕ ಅಲೈನರ್ ಧರಿಸುವವರು ಕಂಪನಿಯ ಹೆಸರು, ಒಟ್ಟು ಅಲೈನರ್‌ಗಳ ಸಂಖ್ಯೆ ಮತ್ತು ಈಗ ಧರಿಸುತ್ತಿರುವ ಅಲೈನರ್‌ನ ಕ್ರಮಾಂಕವನ್ನೂ ಬರೆಸಿಕೊಳ್ಳಬೇಕು.

ದಾಖಲೆ ಪಡೆಯುವ ಹಕ್ಕು

ಪರಿಷ್ಕೃತ ದಂತ ವೈದ್ಯರ (ನೀತಿ ಸಂಹಿತೆ) ವಿನಿಯಮಗಳು, 2014 ರ ಪ್ರಕಾರ ದಂತ ವೈದ್ಯರು ರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ ಕನಿಷ್ಠ 3 ವರ್ಷ ಸಂರಕ್ಷಿಸಬೇಕಾಗಿದ್ದು, ರೋಗಿಯು ಕೋರಿದಲ್ಲಿ ಸ್ವೀಕೃತಿ ಪಡೆದು 72 ಗಂಟೆಗಳೊಳಗೆ ಒದಗಿಸಲು ಅವಕಾಶ ಕಲ್ಪಿಸಲಾಗಿದೆ. ಅವಧಿಯ ಲೆಕ್ಕವು ಚಿಕಿತ್ಸೆ ಮುಗಿದ ದಿನದಿಂದಲ್ಲ, ಆರಂಭದ ದಿನದಿಂದ ಎಂಬುದನ್ನು ಗಮನಿಸಿ ವಿಳಂಬ ಮಾಡಬಾರದು. ಕೋರಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಿ, ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಪಡೆಯುವುದು ಸೂಕ್ತ. ರೋಗಿಯು ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಪೋಷಕರು ಸಹಿ ಮಾಡಬೇಕು.

ಶುಲ್ಕದ ಲೆಕ್ಕಾಚಾರ

ಹೆಚ್ಚಿನ ತಕರಾರುಗಳು ಉಂಟಾಗುವುದು ಶುಲ್ಕದ ವಿಷಯದಲ್ಲಿ. ಉದಾಹರಣೆಗೆ, 24 ತಿಂಗಳ ಚಿಕಿತ್ಸೆಗೆ ರೂ. 48,000 ಪೂರ್ತಿಯಾಗಿ ಪಾವತಿಸಿದವರು 12 ತಿಂಗಳಿಗೆ ಊರು ಬಿಟ್ಟರೆ ಅರ್ಧ ಹಣ ವಾಪಸು ಬರುವುದೆಂದು ಭಾವಿಸುವುದು ಸಹಜ. ಆದರೆ ತಪಾಸಣೆ, ಎಕ್ಸ್‌ರೇ, ಕ್ಲಿಪ್ ಅಳವಡಿಕೆ ಮುಂತಾದ ದೊಡ್ಡ ವೆಚ್ಚಗಳು ಆರಂಭದಲ್ಲಿಯೇ ಆಗಿರುವುದರಿಂದ ತಿಂಗಳುವಾರು ಲೆಕ್ಕ ಹೊಂದುವುದಿಲ್ಲ. ಹಿಂದಿನ ವೈದ್ಯರ ದರಕ್ಕೆ ಹೊಸ ವೈದ್ಯರು ಬದ್ಧರಾಗಿರುವುದೂ ಇಲ್ಲ. ಆದ್ದರಿಂದ ಚಿಕಿತ್ಸೆ ಆರಂಭಿಸುವಾಗಲೇ ಹಂತವಾರು ಶುಲ್ಕವನ್ನೂ, ಮಧ್ಯದಲ್ಲಿ ನಿಲ್ಲಿಸಿದಲ್ಲಿ ಹಿಂತಿರುಗಿಸುವ ಮೊತ್ತವನ್ನೂ ಲಿಖಿತವಾಗಿ ಪಡೆಯುವುದು ಹಾಗೂ ಸಾಧ್ಯವಿದ್ದಲ್ಲಿ ಕಂತುಗಳಲ್ಲಿ ಪಾವತಿಸುವುದು ಕ್ಷೇಮ.

ಹೊಸ ವೈದ್ಯರ ಆಯ್ಕೆ

ಹೊಸ ವೈದ್ಯರು ವಕ್ರದಂತ ಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಪದವಿ ಪಡೆದಿರುವರೇ ಹಾಗೂ ಅವರ ಹೆಸರು ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. ಮುಂದಿನ ಅವಧಿ, ಶುಲ್ಕ ಮತ್ತು ಚಿಕಿತ್ಸೆಯ ನಂತರ ಧರಿಸಬೇಕಾದ ರಿಟೇನರ್‌ನ ವೆಚ್ಚ ಅದರಲ್ಲಿ ಸೇರಿದೆಯೇ ಎಂಬುದನ್ನು ಮೊದಲೇ ತಿಳಿಯಬೇಕು. ಖಾಸಗಿ ಶುಲ್ಕ ಭರಿಸಲಾಗದವರು ಬೆಂಗಳೂರು ಮತ್ತು ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಮಧ್ಯಂತರ ಅವಧಿಯಲ್ಲಿ ಎಚ್ಚರಿಕೆ

ವೈದ್ಯರ ಭೇಟಿ ನಿಂತರೂ ತಂತಿಯ ಒತ್ತಡ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ತಪಾಸಣೆ ಇಲ್ಲದಿದ್ದಲ್ಲಿ ಹಲ್ಲುಗಳು ಉದ್ದೇಶಿಸದ ಕಡೆಗೆ ಸರಿಯಬಹುದು. ಕ್ಲಿಪ್‌ನ ಸುತ್ತ ಪಾಚಿ ಕಟ್ಟಿ ಶಾಶ್ವತ ಬಿಳಿ ಕಲೆ, ಹುಳುಕು ಮತ್ತು ಒಸಡಿನ ಊತ ಉಂಟಾಗಬಹುದು. ಆದಕಾರಣ ಊರು ಬಿಡುವ ಮುನ್ನವೇ ಹೊಸ ವೈದ್ಯರ ಭೇಟಿಯ ದಿನಾಂಕ ನಿಗದಿಪಡಿಸಿಕೊಳ್ಳಬೇಕು. ಕ್ಲಿಪ್ ಸಡಿಲವಾದರೆ ಅಥವಾ ತಂತಿ ಚುಚ್ಚಿದರೆ ಸ್ವತಃ ಕತ್ತರಿಸದೆ ಸಮೀಪದ ದಂತ ವೈದ್ಯರನ್ನು ಕಾಣತಕ್ಕದ್ದು.

ದೂರು ಸಲ್ಲಿಸುವ ಬಗ್ಗೆ

ದಾಖಲೆ ನೀಡಲು ನಿರಾಕರಿಸಿದಲ್ಲಿ ಅಥವಾ ಸೇವಾ ನ್ಯೂನತೆ ಕಂಡುಬಂದಲ್ಲಿ ಮೊದಲು ಚಿಕಿತ್ಸಾಲಯಕ್ಕೆ ಲಿಖಿತ ಪತ್ರ ನೀಡಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಕರೆ ಮಾಡಬಹುದು. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995 ರಲ್ಲಿ ತೀರ್ಪು ನೀಡಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರ ಪ್ರಕಾರ ವ್ಯಾಜ್ಯ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಇದಕ್ಕೆ ರಸೀದಿ, ಒಪ್ಪಿಗೆ ಪತ್ರ ಮತ್ತು ಕೋರಿಕೆ ಪತ್ರದ ಸ್ವೀಕೃತಿಯೇ ಮುಖ್ಯ ಆಧಾರಗಳಾದುದರಿಂದ ಇವುಗಳನ್ನು ಚಿಕಿತ್ಸೆ ಮುಗಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.