ಮನೆಯಲ್ಲೇ ಟೈಗರ್ ಮಾತ್

ನಮ್ಮ ಸದಸ್ಯ ಕುಟುಂಬಗಳ ಮಕ್ಕಳಲ್ಲಿ ಕೆಲವರು ಶಾಲಾ ರಜೆ ಬಂತೆಂದರೆ ಕಂಪ್ಯೂಟರಿನ ಮುಂದೆ ಕುಳಿತು ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುತ್ತಾರೆ. ಕೌಲಾಲಂಪುರದಿಂದ ಬೆಂಗಳೂರಿಗೆ ದೊಡ್ಡ ಜೆಟ್ಟನ್ನು ಒಯ್ಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ದಾರಿಯಲ್ಲಿ ಯಾವ ನದಿ, ಯಾವ ಬೆಟ್ಟ ಕಂಡಿತೆಂದು ಕೇಳಿ ನೋಡಿ, ಉತ್ತರ ಬಾರದು. ಆಟೋಪೈಲಟ್‌ನ ಕೈಗೆ ವಿಮಾನ ಒಪ್ಪಿಸಿ 35,000 ಅಡಿ ಎತ್ತರದಲ್ಲಿ ಕುಳಿತವರಿಗೆ ನೆಲದ ಗೊಡವೆ ಏಕೆ? ಅಂಥ ಮನೆಗಳಿಗೆ ನಾವು ಸೂಚಿಸುವ ಮದ್ದು ಹಳೆಯ ಕಾಲದ ಒಂದು ಸಣ್ಣ ವಿಮಾನ. ಅದು ಟೈಗರ್ ಮಾತ್ ಆದರೆ ಬಹಳ ಒಳ್ಳೆಯದು.

ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಒಂದರ ಮೇಲೊಂದು ರೆಕ್ಕೆ, ಮೇಲೆ ಬಟ್ಟೆಯ ಹೊದಿಕೆ, ಒಂದರ ಹಿಂದೊಂದು ಎರಡು ಆಸನ, 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್. ಎಂಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ನಾವಿರುವ ನಾಡಿಗೂ ನಮ್ಮ ಹುಟ್ಟುನಾಡಿಗೂ ಇದು ಹಳೆಯ ಪರಿಚಯ. 1950ರಲ್ಲಿ ಮಲಯದ ಸಹಾಯಕ ವಾಯುಪಡೆ ಆರಂಭವಾದಾಗ ಅದರ ತರುಣರಿಗೆ ಸಿಕ್ಕಿದ್ದು ಟೈಗರ್ ಮಾತ್. ಭಾರತದ ವಾಯುಪಡೆಯಲ್ಲೂ ಹೊಸಬರು ಇದರಲ್ಲೇ ಕಲಿಯುತ್ತಿದ್ದರು. ಇದರ ಜಾಗ ತುಂಬಿದ ಎಚ್‌ಟಿ-2 ವಿಮಾನ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೇ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಹಾರಿತು.

ಇನ್ನು ಸೇರಿಸಿಕೊಳ್ಳುವ ಬಗೆ. ಸಿಮ್ಯುಲೇಟರ್‌ನ ಜೊತೆಯಲ್ಲಿ ಬರದೆ, ನಾವೇ ಬೇರೆಯಾಗಿ ತಂದು ಸೇರಿಸುವ ವಿಮಾನಕ್ಕೆ ಆಡ್-ಆನ್ ಎನ್ನುತ್ತಾರೆ. ಕೆಲವು ಪುಕ್ಕಟೆ, ಕೆಲವಕ್ಕೆ ಹಣ ಕೊಡಬೇಕು. ಕೊಳ್ಳುವ ಮೊದಲು ಅದು ನಿಮ್ಮಲ್ಲಿರುವ ಸಿಮ್ಯುಲೇಟರಿಗೇ ಮಾಡಿದ್ದೇ ಎಂದು ನೋಡಿಕೊಳ್ಳಿ. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ಗಾಗಿ ಮಾಡಿದ ವಿಮಾನವನ್ನು 2020ರ ಆವೃತ್ತಿಗೆ ಹಾಕಿದರೆ ಹೊರಮೈ ಕಂಡೀತು, ಆದರೆ ಹಳೆಯ ಬಗೆಯ ಮಾಪಕಗಳಲ್ಲಿ ಹಲವು ಅಲ್ಲಾಡುವುದಿಲ್ಲ.

ಇಳಿಸಿಕೊಂಡ ಜಿಪ್ ಕಡತವನ್ನು ಮೊದಲು ಬೇರೊಂದು ಜಾಗದಲ್ಲಿ ಬಿಚ್ಚಿರಿ. ಒಳಗೆ ಒಂದು ಫೋಲ್ಡರ್ ಇರುತ್ತದೆ. ಅದನ್ನು ತೆರೆದ ಕೂಡಲೇ ಮ್ಯಾನಿಫೆಸ್ಟ್ ಮತ್ತು ಲೇಔಟ್ ಎಂಬ ಎರಡು ಕಡತಗಳು ಕಾಣಬೇಕು. ಕಾಣದೆ ಇನ್ನೊಂದು ಫೋಲ್ಡರ್ ಕಂಡರೆ ಒಳಗಿನದೇ ನಿಜವಾದದ್ದು. ಅದನ್ನೇ ಸಿಮ್ಯುಲೇಟರ್‌ನ ಕಮ್ಯುನಿಟಿ ಫೋಲ್ಡರಿನಲ್ಲಿಟ್ಟು, ಸಿಮ್ಯುಲೇಟರನ್ನು ಮುಚ್ಚಿ ಮತ್ತೆ ತೆರೆಯಿರಿ. ಲೇಔಟ್ ಎಂಬುದು ಒಳಗಿರುವ ಸಾಮಾನುಗಳ ಪಟ್ಟಿ. ಮಕ್ಕಳು ಬೇರೆ ಬಣ್ಣ ಬಳಿದ ಚಿತ್ರವೊಂದನ್ನು ಸೇರಿಸಿದರೆ ಅದರ ಹೆಸರು ಈ ಪಟ್ಟಿಗೂ ಏರಬೇಕು, ಇಲ್ಲದಿದ್ದರೆ ಸಿಮ್ಯುಲೇಟರ್ ಅದನ್ನು ಗಣನೆಗೇ ತೆಗೆದುಕೊಳ್ಳದು.

ವಿಮಾನ ಪಟ್ಟಿಯಲ್ಲಿ ಕಂಡ ಮೇಲೆ ನೆರವಿನ ಸೌಕರ್ಯಗಳನ್ನೆಲ್ಲ, ಮುಖ್ಯವಾಗಿ ತಾನಾಗಿಯೇ ಚುಕ್ಕಾಣಿ ತಿರುಗಿಸುವುದನ್ನು, ನಿಲ್ಲಿಸಿಬಿಡಿ. ಸೆಸ್ನಾ ಓಡಿಸಿ ರೂಢಿಯಾದವರು ಮೇಲೇರುವಾಗ ಬಲಗಾಲು ಒತ್ತುತ್ತಾರೆ. ಟೈಗರ್ ಮಾತ್‌ನ ಪ್ರೊಪೆಲರ್ ಎದುರು ದಿಕ್ಕಿಗೆ ತಿರುಗುವುದರಿಂದ ಮೂಗು ಬಲಕ್ಕೆ ಎಳೆಯುತ್ತದೆ, ಇಲ್ಲಿ ಬೇಕಾದದ್ದು ಎಡಗಾಲು. ಮೂಲ ವಿಮಾನಕ್ಕೆ ಬ್ರೇಕ್ ಇರಲಿಲ್ಲ, ಬಾಲದ ಕೆಳಗೆ ಚಕ್ರವೂ ಇರಲಿಲ್ಲ, ಒಂದು ಊರುಗೋಲು ನೆಲ ಕೆರೆಯುತ್ತ ವೇಗ ತಗ್ಗಿಸುತ್ತಿತ್ತು. ಆದ್ದರಿಂದ ಗಾಳಿಗೆ ಎದುರಾಗಿ ಇಳಿಯುವುದನ್ನು ಕಲಿಯದೆ ಗತಿಯಿಲ್ಲ.

ದಾರಿ ತೋರುವ ಯಂತ್ರವೂ ಇಲ್ಲ. ಒಂದು ದಿಕ್ಸೂಚಿ ಮತ್ತು ಎರಡು ಕಣ್ಣು, ಅಷ್ಟೆ. ಸುಬಾಂಗ್‌ನಿಂದ ಹೊರಟು 2,000 ಅಡಿಯಲ್ಲಿ ಇಪೋಗೆ ಹೋಗಿ ನೋಡಿ. ಬಲಕ್ಕೆ ತಿತಿವಾಂಗ್ಸಾ ಬೆಟ್ಟಸಾಲು, ದೂರದಲ್ಲಿ ಎಡಕ್ಕೆ ಮಲಕ್ಕಾ ಜಲಸಂಧಿ, ಕೆಳಗೆ ರೈಲು ಹಳಿ. ರವಾಂಗ್, ತಂಜೋಂಗ್ ಮಾಲಿಮ್, ಸ್ಲಿಮ್ ರಿವರ್, ಕಾಂಪಾರ್ ಒಂದೊಂದಾಗಿ ಬರುತ್ತವೆ. ಸುಣ್ಣಕಲ್ಲಿನ ಗುಡ್ಡಗಳು ಎದ್ದು ನಿಂತರೆ ಇಪೋ ಬಂತೆಂದೇ ಲೆಕ್ಕ. ಸುಮಾರು ಒಂದೂವರೆ ಗಂಟೆಯ ಹಾದಿ.

ಅದು ಕೈವಶವಾದ ಮೇಲೆ ಬೆಂಗಳೂರಿನ ಜಕ್ಕೂರಿಗೆ ಹೋಗಿ. ಸರ್ಕಾರಿ ವಿಮಾನ ತರಬೇತಿ ಶಾಲೆ ಇರುವ ಮೈದಾನವದು. ಅಲ್ಲಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ. ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಸುಬಾಂಗ್‌ನಲ್ಲಿ ಸಲೀಸಾಗಿ ಏರಿದ ವಿಮಾನ ಇಲ್ಲಿ ಏಕೆ ಏದುಸಿರು ಬಿಡುತ್ತದೆಂದು ಮಕ್ಕಳೇ ಕೇಳಲಿ. ದಕ್ಷಿಣ ಪ್ರಸ್ಥಭೂಮಿ ಎಂದರೇನೆಂಬುದು ಆಗ ಪುಸ್ತಕವಿಲ್ಲದೆ ತಿಳಿಯುತ್ತದೆ. ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲಿ ಹಾರಿದರೆ ಬಲಕ್ಕೆ ದೇವನಹಳ್ಳಿ, ಎದುರಿಗೆ ನಂದಿಬೆಟ್ಟ. ಬೆಟ್ಟದ ತುದಿ 4,800 ಅಡಿ ಮೀರಿರುವುದರಿಂದ ಮೊದಲೇ ಎತ್ತರ ಗಳಿಸಿಕೊಳ್ಳಬೇಕು.

ರಜೆಯಲ್ಲಿ ನಾವು ಊರಿಗೆ ಹೋದರೂ ಮಕ್ಕಳು ಕಾಣುವುದು ವಿಮಾನ ನಿಲ್ದಾಣ, ಕಾರು, ನೆಂಟರ ಮನೆಗಳನ್ನು ಮಾತ್ರ. ಕೆರೆಗಳ ಸಾಲು, ಬೆಟ್ಟಗಳ ದಿಕ್ಕು, ಊರಿಂದೂರಿಗೆ ಇರುವ ದೂರ ಅವರಿಗೆ ಗೊತ್ತಾಗುವ ಬಗೆ ಹೇಗೆ? ನಿಧಾನದ ಈ ವಿಮಾನ ಅದಕ್ಕೊಂದು ಅವಕಾಶ. ಟೈಗರ್ ಮಾತ್‌ನಲ್ಲಿ ಕಲಿಯುವವನದು ಹಿಂದಿನ ಆಸನ, ಗುರುವಿನದು ಮುಂದಿನದು. ಅಜ್ಜ ಅಜ್ಜಿಯರು ಊರಿನಿಂದ ಬಂದಿದ್ದರೆ ಒಂದು ಕುರ್ಚಿ ಎಳೆದು ಅವರನ್ನೂ ಕೂರಿಸಿ. ಕೆಳಗೆ ಕಾಣುವ ಕೆರೆ ಬೆಟ್ಟಗಳ ಹೆಸರು ಹೇಳಲು ಅವರಿಗಿಂತ ಒಳ್ಳೆಯ ಗುರು ಸಿಗಲಾರರು.